ಹೊಳೆಯ ಮರಳೂ ಬಾವಿಯ ನೀರೂ



ಬಿತ್ತನೆ, ಗೊಬ್ಬರ, ಕೀಟ, ರೋಗ ಇವುಗಳ ಮಾತನ್ನು ನಾವು ಆಗಾಗ್ಗೆ ಆಡುತ್ತಲೇ ಇರುತ್ತೇವೆ. ಇವತ್ತು ಆ ಸಾಲಿಗೆ ಸೇರದ ಒಂದು ವಸ್ತುವಿನ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಅದು ಮರಳು. ಮರಳಿಗೂ ಒಂದು ಚರಿತ್ರೆಯೇ ಎಂದು ನೀವು ನಗಬಹುದು. ರಾಜರಿಗೆ, ಕೋಟೆಗಳಿಗೆ ಚರಿತ್ರೆ ಇರುವುದು ಸರಿ. ಕಾಲಿಗೆ ಮೆತ್ತಿಕೊಳ್ಳುವ ಮರಳಿಗೆ ಎಲ್ಲಿಯ ಚರಿತ್ರೆ? ಆದರೆ ಊರಿನ ತೆರೆದ ಬಾವಿ ಏಕೆ ಬತ್ತಿತು, ಬೋರು ಏಕೆ ಅಷ್ಟು ಆಳಕ್ಕೆ ಇಳಿಯಿತು, ತಾತನ ಕಾಲದಲ್ಲಿ ಭತ್ತ ಬೆಳೆದ ಹೊಳೆದಡದ ಗದ್ದೆಯಲ್ಲಿ ಈಗ ಜಾಲಿ ಏಕೆ ನಿಂತಿದೆ ಎಂದು ಕೇಳಿ ನೋಡಿ. ಉತ್ತರದ ಒಂದು ಪಾಲು ಹೊಳೆಯ ಮರಳಿನಲ್ಲಿಯೇ ಸಿಕ್ಕುತ್ತದೆ.

ಎಲ್ಲ ಹೊಳೆಗಳ ಮಾತನ್ನೂ ಒಟ್ಟಿಗೆ ಆಡಲು ಹೋದರೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಆದಕಾರಣ ಒಂದು ಸೀಮೆಯನ್ನು ಹಿಡಿದುಕೊಳ್ಳೋಣ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡ. ಅವಕ್ಕೆ ತಗುಲಿಕೊಂಡಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. ಇಲ್ಲಿನ ಹೊಳೆಗಳು ಮುಖ್ಯವಾಗಿ ಎರಡು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದು ಹೋಗುವ ಉತ್ತರ ಪಿನಾಕಿನಿ ಒಂದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ದಾಟಿ, ಆಂಧ್ರದ ನೆಲದಲ್ಲಿ ಪಿನಾಕಿನಿಯನ್ನು ಸೇರುವ ಜಯಮಂಗಲಿ ಇನ್ನೊಂದು. ಎರಡೂ ವರ್ಷವಿಡೀ ಹರಿಯುವ ಹೊಳೆಗಳಲ್ಲ. ಮಳೆ ಬಂದಾಗ ಕೆಂಪಗೆ ಹರಿದು, ಕೆಲವು ದಿನದಲ್ಲಿ ನಿಂತುಹೋಗುವಂಥವು. ಉಳಿದ ಕಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಬರೀ ಮರಳು. ಹೊರಗಿನಿಂದ ಬಂದವರು ಇವನ್ನು ನೋಡಿ ‘ಒಣ ಹೊಳೆ’ ಎನ್ನುತ್ತಿದ್ದರು. ಊರಿನವರು ಹಾಗೆನ್ನುತ್ತಿರಲಿಲ್ಲ. ಹೊಳೆ ಒಣಗಿಲ್ಲ, ಕೆಳಗೆ ಹರಿಯುತ್ತಿದೆ ಎನ್ನುವುದು ಅವರಿಗೆ ಗೊತ್ತಿತ್ತು.

ಈ ಮರಳು ಬಂದದ್ದು ಎಲ್ಲಿಂದ? ಸುತ್ತಲಿನ ಬೆಟ್ಟಗಳಿಂದ. ಬಿಸಿಲಿಗೆ ಕಾದು, ಮಳೆಗೆ ತಣಿದು, ಬೆಟ್ಟದ ಕಗ್ಗಲ್ಲು ಬಿರಿಯುತ್ತದೆ. ಅದರಲ್ಲಿನ ಮೆತುವಾದ ಭಾಗ ಕೊಳೆತು ಜೇಡಿಯಾಗುತ್ತದೆ, ಗಟ್ಟಿಯಾದ ಬೆಣಚುಕಲ್ಲಿನ ಹರಳು ಹಾಗೆಯೇ ಉಳಿಯುತ್ತದೆ. ಜೇಡಿ ನೀರಿನಲ್ಲಿ ಕಲಸಿಕೊಂಡು ದೂರ ಹೋಗುತ್ತದೆ. ಹರಳು ಭಾರ, ನೀರಿನ ರಭಸ ತಗ್ಗಿದ ಕಡೆ ತಳ ಹಿಡಿಯುತ್ತದೆ. ಹೀಗೆ ಸಾವಿರಾರು ವರ್ಷ ಕೂತು ಕೂತು ಹೊಳೆಯ ಪಾತ್ರದಲ್ಲಿ ಆಳೆತ್ತರದ ಮರಳು ಹಾಸಿಗೆಯಾಯಿತು. ಇದು ಒಂದು ವರ್ಷದ ಬೆಳೆಯಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಈ ಮಾತು ಬೇಕಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕೊಡದ ತುಂಬ ದಪ್ಪ ಮರಳು ತುಂಬಿಸಿ, ಮೇಲೆ ನೀರು ಹೊಯ್ಯಿರಿ. ಕೊಡ ತುಂಬಿದೆ ಎಂದುಕೊಂಡರೂ, ಕೊಡದ ಮೂರನೆಯ ಒಂದು ಪಾಲಿನಷ್ಟು ನೀರು ಇನ್ನೂ ಹಿಡಿಯುತ್ತದೆ. ಮರಳಿನ ಹರಳುಗಳ ನಡುವೆ ಅಷ್ಟು ಸಂದು ಇರುತ್ತದೆ. ಕೆಳಗೆ ತೂತು ಮಾಡಿದರೆ ಅದೆಲ್ಲ ಹೊರಗೆ ಬರುವುದಿಲ್ಲ, ಒಂದಷ್ಟು ಹರಳಿಗೆ ಅಂಟಿಕೊಳ್ಳುತ್ತದೆ. ಒಂದು ಘನ ಮೀಟರು ಮರಳಿನಿಂದ ಸುಮಾರು ಇನ್ನೂರು ಲೀಟರು ನೀರು ನಮ್ಮ ಕೈಗೆ ಬರುತ್ತದೆ ಎಂದು ಹಿಡಿಯಬಹುದು. ನೂರು ಮೀಟರು ಅಗಲದ ಹೊಳೆಯಲ್ಲಿ ಒಂದು ಕಿಲೋಮೀಟರು ಉದ್ದಕ್ಕೆ ಮೂರು ಮೀಟರು ಆಳ ಮರಳಿದ್ದರೆ, ಅದು ಮೂರು ಲಕ್ಷ ಘನ ಮೀಟರು ಆಯಿತು. ಅದು ಬಿಟ್ಟುಕೊಡುವ ನೀರು ಆರು ಕೋಟಿ ಲೀಟರು! ಎಕರೆಗೆ ಎರಡು ಅಂಗುಲದಂತೆ ಕಟ್ಟಿದರೆ ಮುನ್ನೂರು ಎಕರೆಗೆ ಒಂದು ನೀರು. ಹೊಳೆ ಇನ್ನೊಮ್ಮೆ ಹರಿದರೆ ಮತ್ತೆ ತುಂಬಿತು. ಕಟ್ಟೆಯಿಲ್ಲ, ತೂಬಿಲ್ಲ, ಹೂಳಿನ ಕಾಟವಿಲ್ಲ. ಕೆರೆಯ ನೀರಾದರೆ ಬಿಸಿಲಿಗೆ ವರ್ಷಕ್ಕೆ ಐದಾರು ಅಡಿ ಆವಿಯಾಗಿ ಹೋಗುತ್ತದೆ. ಮರಳಿನಲ್ಲಿ ಎರಡು ಅಡಿ ಕೆಳಗೆ ಇಳಿದ ನೀರನ್ನು ಬಿಸಿಲು ಹೆಚ್ಚಾಗಿ ಮುಟ್ಟಲಾರದು. ಮುಚ್ಚಳ ಹಾಕಿಟ್ಟ ಕೆರೆ ಎನ್ನಿ.

ಹೊಳೆಯ ಪಕ್ಕದ ಬಾವಿಗಳಿಗೆ ಊಟೆ ಬರುತ್ತಿದ್ದುದು ಇದರಿಂದಲೇ. ಹೊಳೆಯ ಮರಳು ತುಂಬಿದ್ದಷ್ಟು ಕಾಲ ಅಕ್ಕಪಕ್ಕದ ನೆಲಕ್ಕೆ ನೀರು ಜಿನುಗುತ್ತದೆ. ಬಾವಿಯ ನೀರಿನ ಮಟ್ಟವೂ ಹೊಳೆಯ ಮರಳಿನಲ್ಲಿನ ನೀರಿನ ಮಟ್ಟವೂ ಅಣ್ಣತಮ್ಮಂದಿರಂತೆ ಜೊತೆಜೊತೆಗೆ ಏರಿಳಿಯುತ್ತವೆ.

ಇದನ್ನು ನಮ್ಮ ಹಿರಿಯರು ಪುಸ್ತಕ ಓದಿ ಕಲಿಯಲಿಲ್ಲ. ಆದರೂ ಪುಸ್ತಕದಲ್ಲಿ ಬರೆದಿಟ್ಟವರು ಇದ್ದಾರೆ. 1897ರಲ್ಲಿ ಪರಿಷ್ಕರಿಸಿ ಅಚ್ಚಾದ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಸಾಹೇಬರು ಈ ಸೀಮೆಯ ತಲಪರಿಗೆಗಳ ವಿಷಯವನ್ನು ವಿಶೇಷವಾಗಿ ಹೇಳಿದ್ದಾರೆ. ಕೊರಟಗೆರೆಯಿಂದ ಹಿರಿಯೂರಿಗೆ, ಅಲ್ಲಿಂದ ಮೊಳಕಾಲ್ಮೂರಿಗೆ ಒಂದು ಗೆರೆ ಎಳೆದರೆ, ಅದರ ಮೂಡಲಿಗೆ ಗಡಿಯವರೆಗೂ ತಲಪರಿಗೆಗಳು ಹರಡಿದ್ದವು. ತೆಂಕಣ ಭಾಗದಲ್ಲಿ ಹತ್ತಿರ ಹತ್ತಿರವೇ ಊಟೆ ಸಿಕ್ಕುತ್ತಿತ್ತು. ಪಾವಗಡದ ಕಡೆ ಮೆದುವಾದ ಕಲ್ಲನ್ನು ಕಡಿದು ನೀರು ಮುಟ್ಟಬೇಕಾಗಿತ್ತು. ಸಿಕ್ಕ ನೀರನ್ನು ಸಣ್ಣ ಕಾಲುವೆಯಲ್ಲಿ ಗದ್ದೆಗೆ ಹರಿಸುತ್ತಿದ್ದರು, ಇಲ್ಲವೇ ಕಪಿಲೆ ಬಾವಿ ಕಟ್ಟಿ ಎತ್ತುಗಳಿಂದ ಎತ್ತುತ್ತಿದ್ದರು. ಇದು ಅವರ ಮಾತಿನ ಸಾರಾಂಶ. ತಲಪರಿಗೆ ಎಂದರೆ ಏನೆಂದು ಕೇಳುವ ಹುಡುಗರು ಈಗ ಮಧುಗಿರಿಯಲ್ಲೇ ಇದ್ದಾರೆ. ಹಳ್ಳದ ಮಗ್ಗುಲಲ್ಲಿ, ಕೆರೆಯ ಹಿಂದೆ, ಮರಳು ನೆಲದಲ್ಲಿ ತೋಡಿದ ಗುಂಡಿ ಅದು. ಅಲ್ಲಿ ಉಕ್ಕಿದ ನೀರು ತಾನಾಗಿ ಕಾಲುವೆಗೆ ಹರಿಯುತ್ತದೆ. ಎತ್ತೂ ಬೇಡ, ಯಾತವೂ ಬೇಡ. ಕಾಲಕಾಲಕ್ಕೆ ಹೂಳು ತೆಗೆಯಬೇಕು, ಅಷ್ಟೆ. ನೀರು ಪಡೆಯುವವರೆಲ್ಲ ಗುದ್ದಲಿ ಹಿಡಿದು ಬಂದು ಆ ಕೆಲಸ ಮಾಡುತ್ತಿದ್ದರು.

ಈ ಸೀಮೆಯಲ್ಲಿ ದೊಡ್ಡ ಅಣೆಕಟ್ಟು ಏಕೆ ಆಗಲಿಲ್ಲ ಎಂಬ ಪ್ರಶ್ನೆಗೂ ಇಲ್ಲಿ ಒಂದು ಮಾತು ಹೇಳಬೇಕು. ಇಲ್ಲಿ ಮಳೆಯೇ ಕಡಿಮೆ. ಅದರ ಮೇಲೆ 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿ ಹೆಸರಿಸಿದ ಹೊಳೆಗಳಿಗೆ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರಿನವರು ಹೊಸ ಜಲಾಶಯ ಕಟ್ಟುವಂತಿಲ್ಲ ಎಂದು ಕರಾರು. ಆ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಇದ್ದವು. ಹೀಗಾಗಿ ಈ ಕಡೆಯ ರೈತನಿಗೆ ಕೆರೆ, ತಲಪರಿಗೆ, ಮರಳೊಳಗಿನ ನೀರು ಇವೇ ದಿಕ್ಕಾದವು. ಮಂಡ್ಯದವರಿಗೆ ಕನ್ನಂಬಾಡಿ ಹೇಗೋ ಇವರಿಗೆ ಹೊಳೆಯ ಮರಳು ಹಾಗೆ ಎಂದರೆ ಅತಿಶಯವಾಗಲಾರದು.

ಬೇಸಿಗೆಯಲ್ಲಿ ಹೆಂಗಸರು ಹೊಳೆಗೆ ಹೋಗಿ ಮೊಣಕಾಲಾಳ ಒರತೆ ತೋಡುತ್ತಿದ್ದರು. ಮೊದಲು ಬಂದ ಬಗ್ಗಡವನ್ನು ಎರಚಿ, ತಿಳಿ ಬರುವವರೆಗೂ ಕಾದು, ತೆಂಗಿನ ಕರಟದಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದರು. ಒರತೆಯ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಅಜ್ಜಿಯರು ಈಗಲೂ ಹೇಳುತ್ತಾರೆ. ಅದರಲ್ಲಿ ಅರ್ಥವಿದೆ, ಅದು ಗಡಸು ನೀರಲ್ಲ, ಮರಳಿನಲ್ಲಿ ಸೋಸಿ ಬಂದ ಮಳೆಯ ನೀರು. ಮರಳು ಆ ಕಾಲದಲ್ಲಿ ಮಾರುವ ವಸ್ತುವಾಗಿರಲಿಲ್ಲ. ಪುರಿ ಹುರಿಯಲು ಒಂದು ಮೊರ, ಗಾರೆ ಅರೆಯಲು ಒಂದೆರಡು ಗಾಡಿ, ದೇವರ ಉತ್ಸವಕ್ಕೆ ಚಪ್ಪರದ ಕೆಳಗೆ ಹರಡಲು ಒಂದು ಗಾಡಿ. ಮನೆಗಳು ಮಣ್ಣಿನವು, ಕಲ್ಲು ಚಪ್ಪಡಿಯವು. ಒಂದು ಊರು ನೂರು ವರ್ಷ ತೆಗೆದರೂ ಹೊಳೆಗೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಬದಲಾವಣೆ ಬಂದದ್ದು ಎರಡು ಕಡೆಯಿಂದ. ಮೊದಲನೆಯದು ನಮ್ಮ ಕಡೆಯಿಂದಲೇ ಬಂತು. ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗೆ ವಿದ್ಯುತ್ತು ಬಂತು, ಕಪಿಲೆ ಹೋಗಿ ಪಂಪುಸೆಟ್ಟು ಬಂತು. 1970ರ ದಶಕದ ಬಳಿಕ ಕೊಳವೆ ಬಾವಿ ಬಂತು. ಬೆಳೆ ಹೆಚ್ಚಿತು ಎನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೋರು ಕಲ್ಲಿನ ಬಿರುಕಿನಲ್ಲಿರುವ ಹಳೆಯ ನೀರನ್ನು ಎತ್ತುತ್ತದೆ. ಆ ಬಿರುಕಿಗೆ ನೀರು ಕೂಡುವುದು ಮೇಲಿನ ಮಣ್ಣು ಮರಳಿನಿಂದ ನಿಧಾನವಾಗಿ. ಖರ್ಚು ಹೆಚ್ಚಾಯಿತು, ಜಮೆ ಹಾಗೆಯೇ ಉಳಿಯಿತು. ತಲಪರಿಗೆಗಳು ಸೊರಗಲು ಇದೂ ಒಂದು ಕಾರಣ. ಎಲ್ಲ ತಪ್ಪನ್ನೂ ಮರಳು ಲಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎರಡನೆಯದು ಬೆಂಗಳೂರಿನ ಕಡೆಯಿಂದ ಬಂತು. 1951ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 8 ಲಕ್ಷ. 1991ರಲ್ಲಿ ಸುಮಾರು 41 ಲಕ್ಷ. 2011ರಲ್ಲಿ ಸುಮಾರು 85 ಲಕ್ಷ. ಅಷ್ಟು ಜನಕ್ಕೆ ಮನೆ ಬೇಕು, ಕಚೇರಿ ಬೇಕು, ಮೇಲ್ಸೇತುವೆ ಬೇಕು, ಎಲ್ಲವೂ ಸಿಮೆಂಟಿನವು. ಸಿಮೆಂಟಿಗಿಂತ ಹೆಚ್ಚಾಗಿ ಅದರಲ್ಲಿ ಸೇರುವುದು ಮರಳು. ಸಾವಿರ ಚದರಡಿಯ ಒಂದು ಸಾಧಾರಣ ಮನೆಗೆ ಸಾವಿರದ ಐನೂರು ಘನ ಅಡಿಯ ಆಸುಪಾಸಿನಲ್ಲಿ ಮರಳು ಬೇಕಾಗುತ್ತದೆ. ನಾವು ಆಗಲೇ ಮಾಡಿದ ಲೆಕ್ಕವನ್ನು ಇಲ್ಲಿಗೂ ಹಾಕಿ. ಅಷ್ಟು ಮರಳು ಹೊಳೆಯಲ್ಲಿದ್ದಾಗ ಎಂಟು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಬಿಟ್ಟುಕೊಡುತ್ತಿತ್ತು, ಅದೂ ಹೊಳೆ ಹರಿದಾಗಲೆಲ್ಲ. ಮನೆ ಕಟ್ಟಿದವರು ತಮ್ಮ ಗೋಡೆಯೊಳಗೆ ಯಾರದೋ ಊರಿನ ನೀರಿನ ತೊಟ್ಟಿ ಇದೆ ಎಂದು ತಿಳಿದು ಕಟ್ಟಿದವರಲ್ಲ. ಗೊತ್ತಿದ್ದರೂ ಏನು ಮಾಡಿಯಾರು, ಮನೆ ಕಟ್ಟದೆ ಇರಲಾದೀತೇ?

1990ರ ದಶಕದಿಂದೀಚೆಗೆ ಬೆಂಗಳೂರಿಗೆ ಹತ್ತಿರದ ಈ ಹೊಳೆಗಳ ಮೇಲೆ ಲಾರಿಗಳ ಕಣ್ಣು ಬಿತ್ತು. ಮೊದಲು ಗುದ್ದಲಿ, ಮಂಕರಿ. ಆಮೇಲೆ ಯಂತ್ರ. ಕೈಯಲ್ಲಿ ತೆಗೆಯುವಾಗ ಮೇಲಿನ ಎರಡು ಮೂರು ಅಡಿ ಹೋಗುತ್ತಿತ್ತು, ಮಳೆಗಾಲದಲ್ಲಿ ಸ್ವಲ್ಪ ಕೂಡಿಕೊಳ್ಳುತ್ತಿತ್ತು. ಯಂತ್ರ ಬಂದ ಮೇಲೆ ಜೇಡಿ ಸಿಕ್ಕುವವರೆಗೆ, ಬಂಡೆ ಸಿಕ್ಕುವವರೆಗೆ ಬಗೆದರು.

ಹೀಗೆ ಬಗೆದರೆ ಹೊಳೆಗೆ ಏನಾಗುತ್ತದೆ? ಹೊಂಡ ಬಿದ್ದಲ್ಲಿಗಷ್ಟೇ ನಷ್ಟವೆಂದು ತಿಳಿಯಬಾರದು. ಮಳೆ ಬಂದು ಹೊಳೆ ಹರಿದಾಗ ನೀರು ಹೊಂಡದ ಮೇಲಂಚಿನಿಂದ ರಭಸವಾಗಿ ಧುಮುಕುತ್ತದೆ. ಧುಮುಕುವ ಜಾಗ ಕೊರೆಯುತ್ತದೆ, ಅಂಚು ಕುಸಿದು ಹಿಂದಕ್ಕೆ ಸರಿಯುತ್ತದೆ. ಹೀಗೆ ಕೊರೆತವು ಹೊಳೆಯ ಮೇಲಕ್ಕೆ ಏರುತ್ತಾ, ಮರಳನ್ನೇ ಮುಟ್ಟದ ಮೇಲಿನ ಊರಿಗೂ ಹೋಗುತ್ತದೆ. ಹೊಂಡದ ಕೆಳಗೆ ಇನ್ನೊಂದು ತೊಂದರೆ: ಮೇಲಿನಿಂದ ಬಂದ ಮರಳೆಲ್ಲ ಹೊಂಡದಲ್ಲೇ ನಿಂತು, ಮುಂದಕ್ಕೆ ಬರಿಯ ನೀರು ಹೋಗುತ್ತದೆ. ಹೊರೆಯಿಲ್ಲದ ನೀರು ಹಸಿದ ದನದಂತೆ, ಸಿಕ್ಕ ದಡವನ್ನೆಲ್ಲ ಮೇಯುತ್ತದೆ. ದಡದ ತೆಂಗು, ಹೊಂಗೆ ಬೇರು ಬಿಟ್ಟು ಉರುಳುತ್ತವೆ. ಸೇತುವೆಯ ಕಂಬದ ಬುಡ ಬಯಲಾಗುತ್ತದೆ. ಹೊಳೆಯ ತಳ ಎರಡಾಳು ಕೆಳಗೆ ಹೋದ ಮೇಲೆ ಬಾವಿಯ ಸಂಬಂಧ ತಿರುಗಿಬೀಳುತ್ತದೆ. ಮೊದಲು ಹೊಳೆಯಿಂದ ಬಾವಿಗೆ ನೀರು ಜಿನುಗುತ್ತಿತ್ತು, ಈಗ ಬಾವಿಯ ನೀರೇ ಹೊಳೆಯ ಹೊಂಡಕ್ಕೆ ಬಸಿದು ಆವಿಯಾಗುತ್ತದೆ.

ಬಾವಿ ಬತ್ತಿದ ಮೇಲೆ ರೈತ ಮಾಡುವುದೇನು? ಸಾಲ ಮಾಡಿ ಬೋರು ಹಾಕಿಸುತ್ತಾನೆ. ಆಳಕ್ಕೆ ಹೋದಷ್ಟೂ ಕಲ್ಲಿನ ಉಪ್ಪು ನೀರಿಗೆ ಇಳಿಯುತ್ತದೆ. ಪಾವಗಡ, ಗೌರಿಬಿದನೂರಿನ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಹೆಚ್ಚಾಗಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದೆಂದು ನಿಯಮ. ದಾಟಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಬಣ್ಣದ ಪಟ್ಟೆ ಬೀಳುತ್ತದೆ; ಇನ್ನೂ ಹೆಚ್ಚಾದರೆ ಮೂಳೆ ಬಿಗಿದು ಬೆನ್ನು, ಮೊಣಕಾಲು ಬಾಗದಂತಾಗುತ್ತವೆ. ಕರಟದಲ್ಲಿ ಒರತೆ ನೀರು ಮೊಗೆದ ಊರಿನಲ್ಲಿಯೇ ಈಗ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ನಿಲ್ಲಬೇಕಾಗಿದೆ. ತಾಯಂದಿರೇ, ಇದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ, ನೀವೇ ನನಗೆ ಹೇಳಬಲ್ಲಿರಿ.

ಊರಿನ ಒಳಗೂ ಬಿರುಕು ಬಿತ್ತು. ಮಳೆ ಕೈಕೊಟ್ಟ ವರ್ಷ ರಾಗಿ ಮನೆಗೆ ಬಾರದಿದ್ದಾಗ, ಒಂದು ರಾತ್ರಿ ಲಾರಿ ತುಂಬಿದರೆ ಹೊಲದ ಕೂಲಿಯನ್ನು ಮೀರಿದ ದುಡ್ಡು ಕೈಗೆ ಬಂದರೆ, ವಯಸ್ಸಿನ ಹುಡುಗ ಬೇಡವೆನ್ನುತ್ತಾನೆಯೇ? ಉಳುಮೆಗೆಂದು ಸಾಲದಲ್ಲಿ ತಂದ ಟ್ರ್ಯಾಕ್ಟರು ಮರಳು ಹೊರಲು ಹೋಯಿತು. ಸಾಲದ ಕಂತು ಕಟ್ಟಬೇಕಲ್ಲ! ದಡದ ಜಮೀನಿನವರು ಲಾರಿಗೆ ದಾರಿ ಬಿಟ್ಟು ದುಡ್ಡು ಪಡೆದರು. ಅವರ ಹಿಂದಿನ ಜಮೀನಿನವನ ಬಾವಿ ಬತ್ತಿತು, ಅವನಿಗೆ ಕಾಸೂ ಬರಲಿಲ್ಲ. ಒಂದೇ ಮನೆಯಲ್ಲಿ ಅಪ್ಪ ಅರ್ಜಿ ಬರೆಯುವವನು, ಮಗ ಲಾರಿ ತುಂಬುವವನು. ಅಡ್ಡ ಬಂದವರಿಗೆ ಬೆದರಿಕೆ, ರಾತ್ರಿಯೆಲ್ಲ ಸದ್ದು, ಊರ ರಸ್ತೆ ಕೆಸರು ಗದ್ದೆ. ಮರಳು ಗುಂಡಿಯ ದಡ ಕುಸಿದು ಕೂಲಿಗಳು ಸತ್ತದ್ದು, ಹೊಂಡದಲ್ಲಿ ನಿಂತ ನೀರಿಗೆ ಈಜಲು ಇಳಿದ ಮಕ್ಕಳು ಮೇಲೆ ಬಾರದಿದ್ದದ್ದು ಕರ್ನಾಟಕದ ಹಲವು ಹೊಳೆಗಳಲ್ಲಿ ಆಗಿಹೋಗಿದೆ. ಮರಳು ಹೊತ್ತ ಹುಡುಗರನ್ನು ಬಯ್ದು ಪ್ರಯೋಜನವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅವರ ಕೈಗೆ ಸೇರಿದ್ದು ಕೂಲಿ. ಲಾಭ ಊರಲ್ಲಿ ನಿಲ್ಲಲಿಲ್ಲ, ಮರಳಿನ ಜೊತೆಗೇ ಹೋಯಿತು.

ಹೊಳೆಯ ಮರಳು ಮುಗಿಯುತ್ತಾ ಬಂದಂತೆ ಇನ್ನೊಂದು ಕಸುಬು ಹುಟ್ಟಿಕೊಂಡಿತು. ಅದರ ಹೆಸರು ‘ಫಿಲ್ಟರ್ ಮರಳು’. ಕೃಷಿ ಇಲಾಖೆಯಲ್ಲಿ ಕೆಲಸ ಮಾಡುವವರಿಗೆ ಇದರಷ್ಟು ಹೊಟ್ಟೆ ಉರಿಸಿದ್ದು ಬೇರೊಂದಿಲ್ಲ. ಕೆರೆಯಂಗಳದ ಮಣ್ಣು, ಗೋಮಾಳದ ಮಣ್ಣು, ಕಡೆಗೆ ಪಟ್ಟಾ ಹೊಲದ ಮೇಲ್ಮಣ್ಣನ್ನೇ ತೆಗೆದು, ಬೋರಿನ ನೀರು ಹಾಯಿಸಿ ತೊಳೆಯುತ್ತಾರೆ. ಜೇಡಿ ಬಗ್ಗಡವಾಗಿ ಹಳ್ಳಕ್ಕೆ ಹರಿದುಹೋಗುತ್ತದೆ, ಅಡಿಯಲ್ಲಿ ಉಳಿದ ಹರಳನ್ನು ಮರಳೆಂದು ಮಾರುತ್ತಾರೆ. ಒಂದು ಲಾರಿ ಇಂಥ ಮರಳಿಗೆ ಎಷ್ಟೋ ಪಟ್ಟು ಹೆಚ್ಚು ಮಣ್ಣು ಬಲಿ. ಒಂದು ಅಂಗುಲ ಮೇಲ್ಮಣ್ಣು ಆಗಬೇಕಾದರೆ ನೂರಾರು ವರ್ಷ ಬೇಕು. ನಿಮ್ಮ ಹೊಲದ ಸಾರವೆಲ್ಲ, ಅಪ್ಪ ತಾತಂದಿರು ಹೊಡೆಸಿದ ಗೊಬ್ಬರವೆಲ್ಲ, ಇರುವುದು ಆ ಒಂದಡಿಯಲ್ಲಿ. ಅದು ಹೋದ ಮೇಲೆ ಉಳಿಯುವ ಗೊರಸು ಮಣ್ಣಿಗೆ ಎಷ್ಟು ಚೀಲ ರಸಗೊಬ್ಬರ ಸುರಿದರೂ ರಾಗಿ ಮೊಣಕಾಲುದ್ದ ಏಳುವುದಿಲ್ಲ. ‘ಬರೀ ಎರಡಡಿ ಮಣ್ಣು ತೆಗೆದು ಹೊಲವನ್ನು ಸಮ ಮಾಡಿ ಕೊಡುತ್ತೇವೆ, ನಿಮಗೇ ಅನುಕೂಲ’ ಎಂದು ಬರುವವರ ಮಾತನ್ನು ದಯವಿಟ್ಟು ನಂಬಬೇಡಿ. ಬಗ್ಗಡವೂ ಸುಮ್ಮನಿರುವುದಿಲ್ಲ, ಕೆಳಗಿನ ಕೆರೆಯ ತಳಕ್ಕೆ ಹೋಗಿ ಗಿಲಾವು ಬಳಿದಂತೆ ಕೂರುತ್ತದೆ, ನೀರು ಇಂಗುವ ಸಂದನ್ನು ಮುಚ್ಚುತ್ತದೆ.

ಕಾನೂನು ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. 1957ರ ಗಣಿ ಕಾಯಿದೆಯಲ್ಲಿ ಮರಳು, ಜಲ್ಲಿಯಂಥವು ‘ಉಪ ಖನಿಜ’ವೆಂದು ರಾಜ್ಯಗಳ ಕೈಗೆ ಬಂದವು. ಕರ್ನಾಟಕದ ಉಪ ಖನಿಜ ನಿಯಮಾವಳಿ 1994ರದು. ನೆರೆಯ ಕೇರಳದವರು ಹೊಳೆದಡ ಮತ್ತು ಮರಳಿಗೆಂದೇ 2001ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದರು. ಆದರೆ ಬಹುಕಾಲ ಸರ್ಕಾರದ ಕಣ್ಣಿಗೆ ಮರಳು ಕಂಡದ್ದು ರಾಜಧನ ತರುವ ವಸ್ತುವಾಗಿ. ಅದು ನೀರಿನ ಮನೆ ಎನ್ನುವುದು ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೆ ಪರಿಸರದ ಅನುಮತಿ ಬೇಡವೆಂದಿದ್ದುದರಿಂದ, ದೊಡ್ಡ ಹೊಳೆಯನ್ನು ತುಂಡು ತುಂಡು ಮಾಡಿ ಹಂಚುವ ಚಾಳಿ ದೇಶದ ಹಲವೆಡೆ ಬೆಳೆಯಿತು. 2012ರ ಫೆಬ್ರವರಿ 27ರಂದು, ಹರಿಯಾಣದ ಒಂದು ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಆ ಸಂದನ್ನು ಮುಚ್ಚಿತು. ಗಣಿ ಎಷ್ಟೇ ಚಿಕ್ಕದಾದರೂ ಪರಿಸರದ ಅನುಮತಿ ಬೇಕೇ ಬೇಕೆಂದಿತು. 2013ರ ಆಗಸ್ಟಿನಲ್ಲಿ ಹಸಿರು ನ್ಯಾಯಮಂಡಳಿಯೂ ಅದನ್ನೇ ಗಟ್ಟಿಮಾಡಿತು. ಹೊಳೆಯಿಂದ ಅಕ್ರಮವಾಗಿ ಮರಳು ಒಯ್ಯುವುದು ಗಣಿ ಕಾಯಿದೆಯ ತಪ್ಪಷ್ಟೇ ಅಲ್ಲ, ಕಳ್ಳತನವೂ ಆಗಬಲ್ಲದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

2016ರಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಮರಳಿಗೆ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ನಿಗಾವಣೆಗೆಂದು ಇನ್ನೊಂದನ್ನು ಸೇರಿಸಿತು. ಅವುಗಳ ತಿರುಳು ರೈತನಿಗೂ ತಿಳಿದಿರಬೇಕು. ಮೂರು ಮೀಟರಿಗಿಂತ ಆಳಕ್ಕೆ ಹೋಗಬಾರದು, ಅದಕ್ಕೂ ಮೊದಲೇ ನೀರು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಬೇಕು. ದಡದ ಬುಡಕ್ಕೆ, ಸೇತುವೆಯ ಹತ್ತಿರಕ್ಕೆ ಹೋಗಬಾರದು. ಮಳೆಗಾಲದಲ್ಲಿ ಹೊಳೆಗೆ ಇಳಿಯಬಾರದು. ಇವೆಲ್ಲಕ್ಕಿಂತ ಮುಖ್ಯವಾದುದು, ಪ್ರತಿ ಜಿಲ್ಲೆಗೂ ಒಂದು ಸಮೀಕ್ಷಾ ವರದಿ ಇರಬೇಕು. ವರ್ಷಕ್ಕೆ ಹೊಳೆಗೆ ಎಷ್ಟು ಮರಳು ಮರಳಿ ಬರುತ್ತದೆ ಎಂದು ಅಳೆದು ಅದರಲ್ಲಿ ಹೇಳಬೇಕು. ಆ ಅಳತೆಯಿಲ್ಲದ ವರದಿಯ ಮೇಲೆ ಅನುಮತಿ ಕೊಡಲಾಗದೆಂದು ಸುಪ್ರೀಂ ಕೋರ್ಟು 2025ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ನಾನು ಮೊದಲೇ ಹೇಳಿದ್ದೆನಲ್ಲ, ಇದು ಒಂದು ವರ್ಷದ ಬೆಳೆಯಲ್ಲ ಎಂದು! ಪಿನಾಕಿನಿ, ಜಯಮಂಗಲಿಗಳಂಥ ಹೊಳೆಗಳ ಮೇಲ್ಭಾಗದಲ್ಲಿ ಕೆರೆಗಳ ಸಾಲೇ ಇದೆ, ಈಗ ಚೆಕ್‌ಡ್ಯಾಮುಗಳೂ ಬಂದಿವೆ. ಬೆಟ್ಟದಿಂದ ಇಳಿದ ಹರಳು ಅಲ್ಲಿಯೇ ತಡೆಯುತ್ತದೆ. ಇಂಥ ಹೊಳೆಯಲ್ಲಿ ಇಪ್ಪತ್ತು ವರ್ಷದಲ್ಲಿ ಬರಿದಾದ ಮರಳು ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವ ಭರವಸೆಯಿಲ್ಲ.

ಕರ್ನಾಟಕ ಸರ್ಕಾರ 2011ರಲ್ಲಿ ಹೊಸ ಮರಳು ನೀತಿ ತಂದು ಲೋಕೋಪಯೋಗಿ ಇಲಾಖೆಯನ್ನು ಈ ಕೆಲಸಕ್ಕೆ ಇಳಿಸಿತು. 2020ರ ನೀತಿಯಲ್ಲಿ ಸಣ್ಣ ಹಳ್ಳಕೊಳ್ಳಗಳ ಮರಳನ್ನು ಊರಿನ ಬಳಕೆಗೆಂದು ಗ್ರಾಮ ಪಂಚಾಯಿತಿಗಳಿಗೆ ವಹಿಸಿಕೊಟ್ಟಿತು. ಇದು ಒಳ್ಳೆಯದೂ ಹೌದು, ಅಪಾಯವೂ ಹೌದು. ಊರಿನ ಬಡವನ ಮನೆಗೆ ಅಗ್ಗಕ್ಕೆ ಮರಳು ಸಿಕ್ಕಿದರೆ ಸಂತೋಷ. ಆದರೆ ಬಾವಿಗಳಿಗೆ ನೀರೂಡುವುದು ಆ ಸಣ್ಣ ಹಳ್ಳಗಳೇ.

ಈಗ ಹೊಳೆ ಮರಳಿನ ಜಾಗಕ್ಕೆ ಬಹುಪಾಲು ಎಂ-ಸ್ಯಾಂಡ್ ಬಂದಿದೆ, ಎಂದರೆ ಕಲ್ಲನ್ನು ಯಂತ್ರದಲ್ಲಿ ಅರೆದು ಮಾಡಿದ ಮರಳು. 2016ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕದಲ್ಲಿ ಅದಕ್ಕೂ ಸ್ಥಾನ ಸಿಕ್ಕಿದೆ. ಮನೆ ಕಟ್ಟಲು ಹೆದರಬೇಕಾಗಿಲ್ಲ. ಕ್ರಷರಿನ ಪಕ್ಕದ ಊರಿನವರಿಗೆ ದೂಳು, ಸಿಡಿಮದ್ದಿನ ಕಾಟ ಇದ್ದೇ ಇದೆ, ಅದು ಇನ್ನೊಂದು ದಿನದ ಮಾತು. ಹೆದರಬೇಕಾದದ್ದು ಫಿಲ್ಟರ್ ಮರಳಿಗೆ. ಹರಳಿಗೆ ಅಂಟಿದ ಜೇಡಿಯಿಂದ ಸಿಮೆಂಟು ಸರಿಯಾಗಿ ಹಿಡಿಯುವುದಿಲ್ಲ, ಗೋಡೆ ಬಿರಿಯುತ್ತದೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಂದು ಗಾಜಿನ ಸೀಸೆಗೆ ಅರ್ಧ ಮರಳು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಎರಡು ಮೂರು ಗಂಟೆಯಲ್ಲಿ ಮರಳು ಕೆಳಗೆ, ಅದರ ಮೇಲೆ ಜೇಡಿಯ ಪದರ ಕೂರುತ್ತದೆ. ಆ ಪದರ ದಪ್ಪವಾಗಿ ಕಂಡರೆ ಲೋಡನ್ನು ವಾಪಸು ಕಳಿಸಿ. ನೈಸರ್ಗಿಕ ಮರಳಿನಲ್ಲಿ ಇಂಥ ನುಣ್ಣನೆಯ ಪುಡಿ ತೂಕದಲ್ಲಿ ನೂರಕ್ಕೆ ಮೂರು ಪಾಲು ಮೀರಬಾರದೆಂದು ಮಾನಕ ಹೇಳುತ್ತದೆ.

2021ರಲ್ಲಿ, ಮತ್ತೆ 2022ರಲ್ಲಿ ಈ ಸೀಮೆಯಲ್ಲಿ ದೊಡ್ಡ ಮಳೆಯಾಯಿತು. ಪಿನಾಕಿನಿಯೂ ಜಯಮಂಗಲಿಯೂ ದಡ ತುಂಬಿ ಹರಿದವು. ಕೆರೆ ಕೋಡಿ ಬಿದ್ದವು, ಎಷ್ಟೋ ಬೋರುಗಳಲ್ಲಿ ನೀರು ಮೇಲೆ ಬಂತು ಎನ್ನುವುದೂ ನಿಜ. ಆದರೆ ಮರಳು ಹೋದ ಕಡೆ ಹೊಳೆಯ ನೀರು ಜೇಡಿ, ಬಂಡೆಗಳ ಮೇಲೆ ಸರ್ರನೆ ಜಾರಿ ಆಂಧ್ರ ಸೇರಿತು. ಹಿಂದೆ ಅಂಥ ಒಂದು ಹರಿವು ಬಂದರೆ ಬೇಸಿಗೆಯವರೆಗೂ ಒರತೆಗೆ ಕೊರತೆಯಿರುತ್ತಿರಲಿಲ್ಲ.

ಚರಿತ್ರೆಯಲ್ಲಿ ಕೆಲವು ಸಲ ವಿಚಿತ್ರವಾದ ಅದಲುಬದಲು ನಡೆಯುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕಡೆಯ ಕೆರೆಗಳಿಗೆ, ಆಮೇಲೆ ಚಿಕ್ಕಬಳ್ಳಾಪುರದ ಕಡೆಗೂ, ಕೊಳವೆಯಲ್ಲಿ ಹರಿಸುತ್ತಿದ್ದಾರೆ. ಅದರಿಂದ ಅಂತರ್ಜಲ ಏರಿದೆ ಎನ್ನುವವರಿದ್ದಾರೆ, ಸಂಸ್ಕರಣೆ ಸಾಲದು ಎನ್ನುವವರಿದ್ದಾರೆ. ಎರಡು ಮಾತಿಗೂ ಆಧಾರವಿದೆ. ನಾನು ಗಮನಿಸುವುದು ಇಷ್ಟನ್ನೇ. ನಮ್ಮ ಹೊಳೆಗಳ ಮರಳು ಲಾರಿಯಲ್ಲಿ ಆ ಊರಿಗೆ ಹೋಯಿತು, ಆ ಊರು ಬಳಸಿ ಬಿಟ್ಟ ನೀರು ಕೊಳವೆಯಲ್ಲಿ ನಮ್ಮ ಕಡೆ ಬಂತು.

ನಿಮ್ಮ ಊರಿನ ಹಳ್ಳದಲ್ಲಿ ಇನ್ನೂ ಮರಳು ಉಳಿದಿದ್ದರೆ, ಹರಾಜಿನ ಮಾತು ಬರುವ ಮೊದಲೇ ಒಂದು ಕೆಲಸ ಮಾಡಿಡಿ. ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಧಿಕಾರಿಗಳ 사무ಕಚೇರಿಯಲ್ಲಿ, ಜಿಲ್ಲೆಯ ಅಂತರಜಾಲ ಪುಟದಲ್ಲಿ 21 ದಿನ ಜನರ ಮುಂದಿಡಬೇಕೆಂದು 2016ರ ಅಧಿಸೂಚನೆಯಲ್ಲಿದೆ. ಆ ದಿನಗಳೊಳಗೆ ನಿಮ್ಮ ಆಕ್ಷೇಪಣೆ ಹೋಗಬೇಕು. ಬಾಯಿಮಾತಿನ ಆಕ್ಷೇಪಣೆಗೆ ತೂಕ ಕಡಿಮೆ, ಅಳತೆಗೆ ತೂಕ ಹೆಚ್ಚು. ಹಳ್ಳದಿಂದ ಅರ್ಧ ಮೈಲಿಯೊಳಗೆ ಇರುವ ತೆರೆದ ಬಾವಿಗಳನ್ನು ಆರಿಸಿಕೊಳ್ಳಿ. ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ತಿಂಗಳಿಗೊಮ್ಮೆ ಬೆಳಿಗ್ಗೆ ಮೋಟಾರು ಹಾಕುವ ಮುಂಚೆ ಇಳಿಬಿಡಿ. ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಎಂದು ಎಣಿಸಿ, ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆಯಿರಿ. ಹಳ್ಳದಲ್ಲಿ ಒಂದು ಕಬ್ಬಿಣದ ಸಲಾಕೆ ಚುಚ್ಚಿ ಮರಳಿನ ಆಳವನ್ನೂ ನಾಲ್ಕಾರು ಕಡೆ ಗುರುತು ಹಾಕಿಕೊಳ್ಳಿ. ಶಾಲೆಯ ಮೇಷ್ಟರೊಬ್ಬರು ಜೊತೆಗಿದ್ದರೆ ಮಕ್ಕಳೇ ಈ ಕೆಲಸವನ್ನು ಖುಷಿಯಿಂದ ಮಾಡುತ್ತಾರೆ. ವರ್ಷದ ಕೊನೆಗೆ ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆಸಿ, ಒಂದು ನಕಲನ್ನು ತಹಶೀಲ್ದಾರರಿಗೂ ಇನ್ನೊಂದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ.